ಅಲನ್ ಕ್ಲಾರ್ಕ್: ಇಂಗ್ಲೆಂಡಿನ ಟಿವಿ ನಾಟಕ ನಿರ್ದೇಶಕರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಲನ್ ಕ್ಲಾರ್ಕ್ ಅಂದ್ರೆ ಯಾರು?

ಇಂಗ್ಲೆಂಡಿನ ಟಿವಿ ನಾಟಕಗಳ ನಿರ್ದೇಶಕರು. 1935ರ ಅಕ್ಟೋಬರ್ 28ರಂದು ವಾಲಸಿಯಲ್ಲಿ ಹುಟ್ಟಿದರು. ಲಿವರ್‌ಪೂಲ್ ಎದುರಿಗೆ, ಮರ್ಸಿ ನದಿಯ ಆಚೆ ದಡದಲ್ಲಿರುವ ಊರು ಅದು. 1990ರ ಜುಲೈ 24ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗಿನ್ನೂ 54 ವರ್ಷ. ಇಪ್ಪತ್ತು ಚಿಲ್ಲರೆ ವರ್ಷ ಟಿವಿಗಾಗಿಯೇ ದುಡಿದರು. ಚಿತ್ರಮಂದಿರಕ್ಕೆಂದು ಮಾಡಿದ ಸಿನಿಮಾ ಮೂರೇ ಮೂರು. ಅವುಗಳಲ್ಲಿ ಒಂದು, ಟಿವಿಯಲ್ಲಿ ತಡೆಹಿಡಿದ ನಾಟಕವನ್ನೇ ಮತ್ತೆ ತೆಗೆದದ್ದು. ಆ ಕಥೆ ಮುಂದೆ ಬರುತ್ತದೆ.

ಅವರ ಹೆಸರು ಕೇಳಿಲ್ಲದವರಿಗೂ ರೇ ವಿನ್‌ಸ್ಟನ್, ಟಿಮ್ ರಾತ್, ಗ್ಯಾರಿ ಓಲ್ಡ್‌ಮನ್ ಗೊತ್ತಿರುತ್ತಾರೆ. ಮೊದಲಿಬ್ಬರು ಜನರ ಕಣ್ಣಿಗೆ ಬಿದ್ದದ್ದೇ ಕ್ಲಾರ್ಕ್ ಕೈಯಲ್ಲಿ. ಮೂರನೆಯವರ ಅತ್ಯುತ್ತಮ ಪಾತ್ರಗಳಲ್ಲಿ ಒಂದು ಅವರದೇ ನಾಟಕದಲ್ಲಿದೆ.

ಟಿವಿ ನಾಟಕ ಅಂದ್ರೆ ನಮ್ಮ ಧಾರಾವಾಹಿ ಥರಾನಾ?

ಅಲ್ಲ. ಒಂದೇ ರಾತ್ರಿಯಲ್ಲಿ ಮುಗಿಯುವ ಕಥೆ. ಒಂದು ಗಂಟೆ, ಕೆಲವೊಮ್ಮೆ ಒಂದೂವರೆ ಗಂಟೆ. ಮುಂದಿನ ವಾರ ಅದೇ ಹೊತ್ತಿಗೆ ಬೇರೆ ಕಥೆ, ಬೇರೆ ನಟರು, ಬೇರೆ ಬರಹಗಾರ. ಬಿಬಿಸಿಯಲ್ಲಿ ಇದಕ್ಕೆ ದೊಡ್ಡ ಅಂಗಳವಾಗಿದ್ದದ್ದು 1964ರಿಂದ 1970ರವರೆಗಿನ 'ದಿ ವೆಡ್ನೆಸ್‌ಡೇ ಪ್ಲೇ' ಮತ್ತು ಅದರ ಜಾಗಕ್ಕೆ ಬಂದು 1984ರವರೆಗೆ ನಡೆದ 'ಪ್ಲೇ ಫಾರ್ ಟುಡೇ'.

ಇನ್ನೊಂದು ವಿಷಯ ನೆನಪಿಡಬೇಕು. 1982ರ ನವೆಂಬರ್‌ನಲ್ಲಿ ಚಾನೆಲ್ ಫೋರ್ ಶುರುವಾಗುವವರೆಗೆ ಬ್ರಿಟನ್ನಿನ ಮನೆಗಳಲ್ಲಿ ಇದ್ದದ್ದು ಮೂರೇ ಚಾನೆಲ್. ರಿಮೋಟ್ ಹಿಡಿದು ಓಡಿಹೋಗೋಕೆ ಜಾಗ ಇರಲಿಲ್ಲ. ಜೈಲು, ನಿರುದ್ಯೋಗ, ಹುಚ್ಚಾಸ್ಪತ್ರೆ ಅಂತ ಒಂದು ಖಾರವಾದ ನಾಟಕ ಬಂತು ಅಂದ್ರೆ ಲಕ್ಷಗಟ್ಟಲೆ ಜನ ಒಟ್ಟಿಗೆ ನೋಡುತ್ತಿದ್ದರು, ಮಾರನೇ ದಿನ ಅದೇ ಮಾತು. ಕ್ಲಾರ್ಕ್‌ಗೆ ಸಿಕ್ಕಿದ್ದು ಇಂಥ ಪ್ರೇಕ್ಷಕರು.

ಅವರು ಈ ಕೆಲಸಕ್ಕೆ ಬಂದದ್ದು ಹೇಗೆ?

ಸುತ್ತು ದಾರಿಯಲ್ಲಿ. ಶಾಲೆ ಮುಗಿಸಿ ವಿಮಾ ಕಚೇರಿಯಲ್ಲಿ ಗುಮಾಸ್ತ, ಆಮೇಲೆ ಆಗ ಎಲ್ಲ ಹುಡುಗರಿಗೂ ಕಡ್ಡಾಯವಾಗಿದ್ದ ಸೈನ್ಯದ ಕೆಲಸ, ಅಲ್ಲಿಂದ ಕೆನಡಾ. ಟೊರಾಂಟೋದ ರಯರ್ಸನ್ ಸಂಸ್ಥೆಯಲ್ಲಿ ರೇಡಿಯೋ ಮತ್ತು ಟಿವಿ ಕಲೆ ಓದಿ, 1960ರ ದಶಕದ ಶುರುವಿನಲ್ಲಿ ಊರಿಗೆ ವಾಪಸ್ಸಾದರು. ಬಿಬಿಸಿಗೆ ಎದುರಾಳಿಯಾದ ಖಾಸಗಿ ಚಾನೆಲ್ ಐಟಿವಿಯ ಕಂಪನಿಯೊಂದರಲ್ಲಿ, ಸ್ಟುಡಿಯೋದೊಳಗಿನ ಕೆಲಸ ನೋಡಿಕೊಳ್ಳುವ ಫ್ಲೋರ್ ಮ್ಯಾನೇಜರ್ ಬಳಗದಲ್ಲಿ ಕೆಲಸ. ಸಂಜೆ ಹೊತ್ತು ಲಂಡನ್ನಿನ ಈಲಿಂಗ್‌ನಲ್ಲಿದ್ದ ಕ್ವೆಸ್ಟರ್ಸ್ ಎಂಬ ಹವ್ಯಾಸಿ ರಂಗತಂಡದಲ್ಲಿ ನಾಟಕ ಮಾಡಿಸುತ್ತಿದ್ದರು.

ನಿರ್ದೇಶಕರಾಗಿ ಕೈ ಪಳಗಿದ್ದು ರೆಡಿಫ್ಯೂಷನ್ ಕಂಪನಿಯ 'ಹಾಫ್ ಅವರ್ ಸ್ಟೋರಿ' ಸರಣಿಯಲ್ಲಿ, 1967ರ ಸುಮಾರಿಗೆ. ಹೆಸರೇ ಹೇಳುವಂತೆ ಅರ್ಧ ಗಂಟೆ. ಇಬ್ಬರೋ ಮೂವರೋ ನಟರು, ಒಂದೆರಡು ಕೋಣೆ. 1969ರಲ್ಲಿ ಬಿಬಿಸಿಗೆ ಬಂದರು.

ಆಗ ಸ್ಟುಡಿಯೋದಲ್ಲಿ ಕೆಲಸ ಹೇಗೆ ನಡೀತಿತ್ತು?

ಇದು ಗೊತ್ತಿಲ್ಲದೆ ಅವರು ಆಮೇಲೆ ಏನು ಮಾಡಿದರು ಅನ್ನೋದು ಅರ್ಥವಾಗೋದಿಲ್ಲ. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಬಿಬಿಸಿಯ ತಾಲೀಮು ಕೋಣೆಗಳಿದ್ದದ್ದು ಪಶ್ಚಿಮ ಲಂಡನ್ನಿನ ಆಕ್ಟನ್‌ನಲ್ಲಿ. ಬಹುಮಹಡಿ ಕಟ್ಟಡ. ನಟರು ಅದನ್ನು ತಮಾಷೆಗೆ 'ಆಕ್ಟನ್ ಹಿಲ್ಟನ್' ಅನ್ನುತ್ತಿದ್ದರು. ಅಲ್ಲಿ ಸೆಟ್ ಇರುತ್ತಿರಲಿಲ್ಲ. ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ ಇದು ಗೋಡೆ, ಇದು ಬಾಗಿಲು ಅಂತ ಗುರುತು ಮಾಡುತ್ತಿದ್ದರು. ಒಂದಷ್ಟು ವಾರ ಆ ಟೇಪಿನ ನಡುವೆ ತಾಲೀಮು. ಆಮೇಲೆ ಟೆಲಿವಿಷನ್ ಸೆಂಟರ್‌ನ ಸ್ಟುಡಿಯೋದಲ್ಲಿ ಒಂದೆರಡು ದಿನ ಚಿತ್ರೀಕರಣ, ಅಷ್ಟೇ. ನೆಲದ ಮೇಲೆ ನಾಲ್ಕೈದು ದಪ್ಪ ಕ್ಯಾಮೆರಾ, ಪ್ರತಿಯೊಂದಕ್ಕೂ ಎಳೆದಾಡುವ ಕೇಬಲ್. ನಿರ್ದೇಶಕರು ಮೇಲೆ ಕಂಟ್ರೋಲ್ ರೂಮಿನಲ್ಲಿ, ಸಾಲು ಮಾನಿಟರ್‌ಗಳ ಮುಂದೆ. ಯಾವ ಮಾತಿಗೆ ಯಾವ ಕ್ಯಾಮೆರಾ ಅನ್ನೋದು ಮೊದಲೇ ಕಾಗದದ ಮೇಲೆ ಬರೆದಿಟ್ಟಿರಬೇಕು. ರಾತ್ರಿ ಹತ್ತಕ್ಕೆ ದೀಪ ಆರುತ್ತದೆ, ಮುಗಿದಿರಲಿ ಬಿಡಲಿ.

ಈ ಪದ್ಧತಿಯಲ್ಲಿ ನಟ ಗುರುತು ಹಾಕಿದ ಜಾಗಕ್ಕೇ ಬಂದು ನಿಲ್ಲಬೇಕು. ಮಾತಾಡಬೇಕು. ಮತ್ತೆ ಇನ್ನೊಂದು ಗುರುತಿಗೆ ಹೋಗಬೇಕು. ಕ್ಲಾರ್ಕ್ ಇದರಲ್ಲಿ ಪಳಗಿದವರು, ಇದನ್ನು ಕೀಳಾಗಿ ಕಂಡವರಲ್ಲ. ಆದರೆ 1970ರ ದಶಕದ ನಾಟಕಗಳನ್ನೂ 1980ರ ದಶಕದವನ್ನೂ ಒಟ್ಟಿಗೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅವರು ಹೊಸದಾಗಿ ಏನನ್ನೂ ಸೇರಿಸುತ್ತ ಹೋಗಲಿಲ್ಲ. ತೆಗೆಯುತ್ತ ಹೋದರು. ಮೊದಲು ಕೋಣೆ ಹೋಯಿತು. ಆಮೇಲೆ ಕಟ್, ಆಮೇಲೆ ಸಂಗೀತ, ಕೊನೆಗೆ ಮಾತು.

'ಸ್ಕಮ್' ಗಲಾಟೆ ಏನು?

ಬ್ರಿಟನ್ನಿನಲ್ಲಿ ಅಪರಾಧ ಮಾಡಿದ ಹದಿಹರೆಯದ ಹುಡುಗರನ್ನು ಇಡುತ್ತಿದ್ದ ಸುಧಾರಣಾ ಜೈಲುಗಳಿಗೆ ಬೋರ್‌ಸ್ಟಲ್ ಅನ್ನುತ್ತಿದ್ದರು. ಕೆಂಟ್ ಜಿಲ್ಲೆಯ ಒಂದು ಹಳ್ಳಿಯ ಹೆಸರೇ ಅವಕ್ಕೆಲ್ಲ ಅಂಟಿಕೊಂಡಿತ್ತು. ರಾಯ್ ಮಿಂಟನ್ ಬರೆದ 'ಸ್ಕಮ್' ಅಂಥ ಒಂದು ಜೈಲಿನ ಕಥೆ. ಕಾರ್ಲಿನ್ ಅನ್ನುವ ಹುಡುಗ ಬರುತ್ತಾನೆ. ಬಂದ ಕೂಡಲೇ ಅಲ್ಲಿನ 'ಡ್ಯಾಡಿ' ಹೊಡೆಯುತ್ತಾನೆ. ಡ್ಯಾಡಿ ಅಂದ್ರೆ ಹುಡುಗರ ನಡುವಿನ ದಾದಾ. ಜೈಲಿನ ಸಿಬ್ಬಂದಿಗೂ ಅವನು ಬೇಕು, ಯಾಕಂದ್ರೆ ಅವನಿದ್ದರೆ ಉಳಿದವರು ತೆಪ್ಪಗಿರುತ್ತಾರೆ. ಕಾರ್ಲಿನ್ ಸ್ವಲ್ಪ ಕಾಲ ತಡೆದುಕೊಳ್ಳುತ್ತಾನೆ. ಆಮೇಲೆ ಒಂದು ದಿನ ಆಟದ ಕೋಣೆಯಿಂದ ಚೆಂಡು ತೆಗೆದು ಕಾಲುಚೀಲದೊಳಗೆ ಹಾಕುತ್ತಾನೆ, ಅದನ್ನೇ ಬೀಸುತ್ತಾನೆ. ಆ ಕ್ಷಣದಿಂದ ಅವನೇ ಹೊಸ ಡ್ಯಾಡಿ. ಜೈಲು ಬದಲಾಗೋದಿಲ್ಲ, ಕುರ್ಚಿಯಲ್ಲಿ ಕೂತವನು ಬದಲಾಗುತ್ತಾನೆ.

ಇದನ್ನು ಬಿಬಿಸಿ 1977ರಲ್ಲಿ ಪ್ಲೇ ಫಾರ್ ಟುಡೇಗಾಗಿ ತಾನೇ ಮಾಡಿಸಿತು. ನಿರ್ಮಾಪಕಿ ಮಾರ್ಗರೆಟ್ ಮ್ಯಾಥಸನ್. ಸಿದ್ಧವಾದ ಮೇಲೆ ಮೇಲಿನವರು ಹೆದರಿದರು. ಅವರ ತಕರಾರು ಸುಳ್ಳು ಹೇಳಿದ್ದಾರೆ ಅಂತಲ್ಲ. ಎಲ್ಲೆಲ್ಲೋ ನಡೆದಿರಬಹುದಾದ ಹಿಂಸೆಯನ್ನೆಲ್ಲ ಒಂದೇ ಜೈಲಿನೊಳಗೆ, ಸ್ವಲ್ಪ ಹೊತ್ತಿನೊಳಗೆ ತುರುಕಿದ್ದಾರೆ, ನೋಡುವವರು ಸಾಕ್ಷ್ಯಚಿತ್ರ ಅಂದುಕೊಳ್ಳುತ್ತಾರೆ ಅನ್ನೋದು ವಾದ. ಪ್ರಸಾರ ನಿಂತಿತು.

ಕ್ಲಾರ್ಕ್ ಮತ್ತು ಮಿಂಟನ್ ಅದೇ ಕಥೆಯನ್ನು 1979ರಲ್ಲಿ ಸಿನಿಮಾ ಮಾಡಿದರು. ಕಾರ್ಲಿನ್ ಆಗಿ ಮತ್ತೆ ವಿನ್‌ಸ್ಟನ್. ಆರ್ಚರ್ ಅನ್ನುವ ಬುದ್ಧಿವಂತ ಕೈದಿಯ ಪಾತ್ರಕ್ಕೆ ಡೇವಿಡ್ ತ್ರೆಲ್‌ಫಾಲ್ ಬದಲು ಮಿಕ್ ಫೋರ್ಡ್ ಬಂದರು. ಈ ಸಿನಿಮಾವನ್ನು 1983ರಲ್ಲಿ ಚಾನೆಲ್ ಫೋರ್ ತೋರಿಸಿದಾಗ, ಟಿವಿಯಲ್ಲಿನ ಅಶ್ಲೀಲತೆ ಮತ್ತು ಹಿಂಸೆಯ ವಿರುದ್ಧ ವರ್ಷಗಟ್ಟಲೆ ಹೋರಾಡುತ್ತಿದ್ದ ಮೇರಿ ವೈಟ್‌ಹೌಸ್ ಕೋರ್ಟಿನ ಮೆಟ್ಟಿಲು ಹತ್ತಿದರು. ಅಷ್ಟರಲ್ಲಾಗಲೇ 1982ರ ಕಾನೂನು ಬೋರ್‌ಸ್ಟಲ್ ಪದ್ಧತಿಯನ್ನೇ ರದ್ದು ಮಾಡಿತ್ತು. ಮೂಲ ಟಿವಿ ನಾಟಕ ಬಿಬಿಸಿಯಲ್ಲಿ ಬಂದದ್ದು 1991ರಲ್ಲಿ. ಕ್ಲಾರ್ಕ್ ಸತ್ತು ಒಂದು ವರ್ಷವಾಗಿತ್ತು.

ಎರಡರಲ್ಲಿ ಯಾವುದು ಚೆನ್ನಾಗಿದೆ ಅಂತ ಕೇಳುತ್ತೀರಿ. ನನ್ನ ಓಟು ಟಿವಿಯದಕ್ಕೆ. ಸಿನಿಮಾದಲ್ಲಿ ರಕ್ತ ಜಾಸ್ತಿ, ಹುಡುಗರು ಎರಡು ವರ್ಷ ದೊಡ್ಡವರಾಗಿದ್ದಾರೆ. ಟಿವಿಯದರಲ್ಲಿ ಅವರಿನ್ನೂ ಮಕ್ಕಳ ಥರ ಕಾಣುತ್ತಾರೆ. ಹೊಟ್ಟೆ ಕಲಕುವುದು ಅದಕ್ಕೇ.

ವಿನ್‌ಸ್ಟನ್ ನಡಿಗೆ ನೋಡಿಯೇ ಪಾತ್ರ ಕೊಟ್ಟರಂತೆ, ನಿಜವಾ?

ವಿನ್‌ಸ್ಟನ್ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿರುವ ಮಾತು. ನಾಟಕ ಶಾಲೆಯಿಂದ ಹೊರಹಾಕಿಸಿಕೊಂಡಿದ್ದ ಹುಡುಗ, ಗೆಳೆಯರ ಜೊತೆ ಸುಮ್ನೆ ಬಿಬಿಸಿಗೆ ಹೋಗಿದ್ದರು. ಕ್ಲಾರ್ಕ್ ಜೊತೆ ಹರಟೆ ಹೊಡೆದು ಎದ್ದು ಹೊರಟಾಗ, ಕಾರಿಡಾರ್‌ನಲ್ಲಿ ಅವರು ನಡೆದುಹೋದ ರೀತಿಯನ್ನು ಕ್ಲಾರ್ಕ್ ನೋಡುತ್ತ ನಿಂತರು. ಬಾಕ್ಸಿಂಗ್ ಕಲಿತವರ ನಡಿಗೆ ಅದು. ಕಾರ್ಲಿನ್ ಪಾತ್ರವನ್ನು ಬರೆದಿದ್ದದ್ದು ಗ್ಲಾಸ್ಗೋ ಹುಡುಗನಿಗಾಗಿ. ಲಂಡನ್ ಹುಡುಗನಿಗೆ ಸಿಕ್ಕಿತು.

ಅವರ ಪಾತ್ರಗಳು ಯಾಕೆ ಅಷ್ಟೊಂದು ನಡೀತಾನೇ ಇರುತ್ತವೆ?

ಒಳ್ಳೇ ಪ್ರಶ್ನೆ. ಉತ್ತರದ ಅರ್ಧ ಭಾಗ ಒಂದು ಯಂತ್ರ. 1970ರ ದಶಕದ ನಡುವೆ ಅಮೆರಿಕದ ಗ್ಯಾರೆಟ್ ಬ್ರೌನ್ ಸ್ಟೆಡಿಕ್ಯಾಮ್ ಕಂಡುಹಿಡಿದರು. ಕ್ಯಾಮೆರಾದವರು ಮೈಗೆ ಬಿಗಿಯಾದ ಜಾಕೆಟ್ ತೊಡುತ್ತಾರೆ. ಅದಕ್ಕೆ ಸ್ಪ್ರಿಂಗ್ ಇರುವ ಒಂದು ತೋಳು, ತೋಳಿನ ತುದಿಗೆ ಕ್ಯಾಮೆರಾ. ಹೆಜ್ಜೆ ಹಾಕಿದಾಗ ಆಗುವ ಕುಲುಕಾಟವನ್ನು ಸ್ಪ್ರಿಂಗ್ ನುಂಗಿಬಿಡುತ್ತದೆ. ಹಳಿ ಹಾಸಬೇಕಿಲ್ಲ. ಮೆಟ್ಟಿಲು ಹತ್ತಬಹುದು, ಬಾಗಿಲು ದಾಟಬಹುದು, ನಟನ ಎದುರಿಗೆ ಹಿಂದಡಿ ಇಡುತ್ತ ಹೋಗಬಹುದು.

ಬೇರೆಯವರು ಇದನ್ನು ಬೆರಗು ಹುಟ್ಟಿಸೋಕೆ ಬಳಸಿದರು. ಕ್ಲಾರ್ಕ್ ಬಳಸಿದ್ದು ನಟರನ್ನು ಟೇಪಿನ ಗುರುತುಗಳಿಂದ ಬಿಡಿಸೋಕೆ. ಮೊದಲ ಸಲ 'ಮೇಡ್ ಇನ್ ಬ್ರಿಟನ್'ನಲ್ಲಿ. ಡೇವಿಡ್ ಲೇಲೆಂಡ್ ಬರೆದದ್ದು, 1983ರ ಜುಲೈಯಲ್ಲಿ ಐಟಿವಿಯಲ್ಲಿ ಬಂತು. ಛಾಯಾಗ್ರಹಣ ಕ್ರಿಸ್ ಮೆಂಜಸ್, ಸ್ಟೆಡಿಕ್ಯಾಮ್ ಹೊತ್ತವರು ಜಾನ್ ವಾರ್ಡ್. ಟ್ರೆವರ್ ಅನ್ನುವ ಹದಿನಾರರ ಸ್ಕಿನ್‌ಹೆಡ್ ಹುಡುಗನಾಗಿ ಟಿಮ್ ರಾತ್. ತೆರೆಯ ಮೇಲೆ ಅವರ ಮೊದಲ ಪಾತ್ರ. ಬೋಳು ತಲೆ, ಹುಬ್ಬುಗಳ ನಡುವೆ ನಾಜಿ ಸ್ವಸ್ತಿಕದ ಹಚ್ಚೆ. ಏಷ್ಯಾದಿಂದ ಬಂದು ನೆಲೆಸಿದವರ ಮನೆ ಕಿಟಕಿಗೆ ಕಲ್ಲು ಹೊಡೆದು ಕೋರ್ಟಿಗೆ ಬಂದಿದ್ದಾನೆ. ಕಟಕಟೆಗೆ ನಡೆದು ಬರುವ ಆ ನಡಿಗೆಯಿಂದಲೇ ನಾಟಕ ಶುರು. ಕ್ಯಾಮೆರಾ ಅವನ ಹಿಂದೆ ಮುಂದೆ ಅಂಟಿಕೊಂಡು ಹೋಗುತ್ತದೆ, ಆದರೆ ಅವನ ಒಳಗೆ ಏನಿದೆ ಅಂತ ಒಂದು ಸಲವೂ ಹೇಳೋದಿಲ್ಲ.

ಆ ನಾಟಕದ ನಡುವೆ ಒಂದು ದೃಶ್ಯವಿದೆ. ಟ್ರೆವರ್‌ನನ್ನು ಕೂಡಿಹಾಕಿದ ಕೋಣೆಗೆ ಒಬ್ಬ ಅಧಿಕಾರಿ ಬರುತ್ತಾನೆ. ಸೀಮೆಸುಣ್ಣ ಹಿಡಿದು ಕಪ್ಪು ಹಲಗೆಯ ಮೇಲೆ ಅವನ ಜೀವನವನ್ನು ಬರೆಯುತ್ತಾನೆ. ಶಾಲೆ, ಕಳ್ಳತನ, ಕೆಲಸವಿಲ್ಲ, ನಿರುದ್ಯೋಗ ಭತ್ಯೆ, ಮತ್ತೆ ಕಳ್ಳತನ, ಜೈಲು, ಹೊರಗೆ, ಮತ್ತೆ ಜೈಲು. ಬಾಣದ ಗುರುತು ಹಾಕುತ್ತ ಹಾಕುತ್ತ ಅದು ಸುತ್ತುತ್ತ ಹೋಗುತ್ತದೆ. ಹೇಳಿದ್ದೆಲ್ಲ ನಿಜ. ಲೆಕ್ಕ ತಪ್ಪಿಲ್ಲ. ಆದರೆ ಅದರಿಂದ ಟ್ರೆವರ್‌ಗೆ ಏನೂ ಆಗೋದಿಲ್ಲ. ವಿವರಣೆ ಕೊಡುವ ಕೆಲಸವನ್ನು ಕ್ಲಾರ್ಕ್ ಸರ್ಕಾರಿ ಅಧಿಕಾರಿಗೆ ಬಿಟ್ಟರು. ತಾವು ಅದನ್ನು ಇಟ್ಟುಕೊಳ್ಳಲಿಲ್ಲ.

ಆಮೇಲಿನ ನಾಟಕಗಳಲ್ಲಿ ನಡಿಗೆಯೇ ಕಥೆ. 1985ರ 'ಕಾಂಟ್ಯಾಕ್ಟ್'ನಲ್ಲಿ ಐರ್ಲೆಂಡ್ ಗಡಿಯ ಹೊಲಗಳಲ್ಲಿ ಗಸ್ತು ತಿರುಗುವ ಬ್ರಿಟಿಷ್ ಸೈನಿಕರು. ಆ ಪಡೆಯಲ್ಲೇ ಇದ್ದ ಎ.ಎಫ್.ಎನ್. ಕ್ಲಾರ್ಕ್ ಅನ್ನುವವರ ಅನುಭವ ಕಥನ ಅದರ ಆಧಾರ. ಇವರಿಗೂ ಅವರಿಗೂ ನೆಂಟಸ್ತಿಕೆ ಹುಡುಕಬೇಡಿ. 1987ರ 'ಕ್ರಿಸ್ಟೀನ್'ನಲ್ಲಿ ಒಬ್ಬ ಶಾಲಾ ವಯಸ್ಸಿನ ಹುಡುಗಿ ಪ್ಲಾಸ್ಟಿಕ್ ಚೀಲ ಹಿಡಿದು ಅಚ್ಚುಕಟ್ಟಾದ ಬಡಾವಣೆಯ ಬೀದಿಗಳಲ್ಲಿ ಮನೆಯಿಂದ ಮನೆಗೆ ಹೋಗುತ್ತಾಳೆ. ಚೀಲದಲ್ಲಿರುವುದು ಹೆರಾಯಿನ್. ಚುಚ್ಚಿಕೊಳ್ಳುತ್ತಾರೆ, ಬಿಸ್ಕತ್ತು ತಿನ್ನುತ್ತಾರೆ, ಟಿವಿ ನೋಡುತ್ತಾರೆ. ಕಿರುಚಾಟವಿಲ್ಲ, ಪೊಲೀಸರು ಬರೋದಿಲ್ಲ.

ಅದೇ ವರ್ಷದ 'ರೋಡ್' ಜಿಮ್ ಕಾರ್ಟ್‌ರೈಟ್ ಅವರ ರಂಗನಾಟಕ. ಅದನ್ನು ಕ್ಲಾರ್ಕ್ ಡರ್ಹಮ್ ಜಿಲ್ಲೆಯ ಈಸಿಂಗ್ಟನ್‌ನ ಖಾಲಿ ಬೀದಿಗಳಿಗೆ ಒಯ್ದರು. ಕಲ್ಲಿದ್ದಲು ಗಣಿಯ ಊರು. 1984–85ರ ಗಣಿ ಮುಷ್ಕರ ಸೋತು ಹೆಚ್ಚು ಕಾಲವಾಗಿರಲಿಲ್ಲ. ಲೆಸ್ಲಿ ಶಾರ್ಪ್ ಅಲ್ಲಿ ರಸ್ತೆಯುದ್ದಕ್ಕೂ ರಭಸದಿಂದ ನಡೆಯುತ್ತ, ಕೆಲಸವಿಲ್ಲದೆ ಮನೆಯಲ್ಲಿ ಬಿದ್ದುಕೊಂಡಿರುವ ಗಂಡನ ಬಗ್ಗೆ ಮಾತಾಡುತ್ತ ಹೋಗುತ್ತಾರೆ. ಬೈಗುಳವಾಗಿ ಶುರುವಾದದ್ದು ಕನಿಕರಕ್ಕೆ ತಿರುಗುತ್ತದೆ. ರಂಗದ ಮೇಲೆ ನಿಂತು ಹೇಳುವ ಮಾತನ್ನು ನಡೆಸಿಬಿಟ್ಟದ್ದು ಕ್ಲಾರ್ಕ್ ಬುದ್ಧಿ. ಅವರ ಇಡೀ ಕೆಲಸದಲ್ಲಿ ಒಂದೇ ತುಣುಕು ಉಳಿಸಿಕೊಳ್ಳಿ ಅಂದ್ರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

'ಎಲಿಫೆಂಟ್' ಅಂದ್ರೆ ಗಸ್ ವಾನ್ ಸಾಂಟ್ ಸಿನಿಮಾ ಅಲ್ವಾ?

ಆ ಸಿನಿಮಾ 2003ರದ್ದು, ಅಮೆರಿಕದ ಶಾಲೆಯೊಂದರ ಗುಂಡಿನ ದಾಳಿಯ ಕಥೆ. ಹೆಸರನ್ನೂ ಹಿಂದಿನಿಂದ ಹಿಂಬಾಲಿಸುವ ಕ್ಯಾಮೆರಾವನ್ನೂ ಅದು ತೆಗೆದುಕೊಂಡದ್ದು ಕ್ಲಾರ್ಕ್ ಅವರಿಂದ.

ಕ್ಲಾರ್ಕ್ ಅವರ 'ಎಲಿಫೆಂಟ್' 1989ರ ಜನವರಿಯಲ್ಲಿ ಬಿಬಿಸಿ 2ರಲ್ಲಿ ಬಂತು. ನಿರ್ಮಾಪಕ ಡ್ಯಾನಿ ಬಾಯ್ಲ್. ಹೌದು, ಮುಂದೆ 'ಸ್ಲಂಡಾಗ್ ಮಿಲಿಯನೇರ್' ಮಾಡಿದವರೇ. ಆಗ ಬಿಬಿಸಿಯ ಉತ್ತರ ಐರ್ಲೆಂಡ್ ವಿಭಾಗದಲ್ಲಿದ್ದರು. 39 ನಿಮಿಷ, 18 ಕೊಲೆ. ಮಾತು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬೆಲ್‌ಫಾಸ್ಟ್‌ನ ಈಜುಕೊಳ, ಪೆಟ್ರೋಲ್ ಬಂಕ್, ಖಾಲಿ ಕಾರ್ಖಾನೆ. ಒಬ್ಬ ನಡೆದು ಬರುತ್ತಾನೆ. ಇನ್ನೊಬ್ಬನಿಗೆ ಗುಂಡು ಹೊಡೆಯುತ್ತಾನೆ. ನಡೆದು ಹೋಗುತ್ತಾನೆ. ಆಮೇಲೆ ಕ್ಯಾಮೆರಾ ಹೆಣದ ಮೇಲೆ ನಿಲ್ಲುತ್ತದೆ, ನಿಮಗೆ ಸಾಕು ಅನ್ನಿಸಿದ ಮೇಲೂ ನಿಂತೇ ಇರುತ್ತದೆ. ಮತ್ತೆ ಇನ್ನೊಂದು.

ಸತ್ತವನು ಕ್ಯಾಥೊಲಿಕ್ಕೋ ಪ್ರೊಟೆಸ್ಟಂಟೋ, ಕೊಂದವನು ಯಾವ ಗುಂಪಿನವನು, ಒಂದೂ ಗೊತ್ತಾಗೋದಿಲ್ಲ. ಹೆಸರು ಬಂದದ್ದು ಐರಿಷ್ ಬರಹಗಾರ ಬರ್ನಾರ್ಡ್ ಮ್ಯಾಕ್‌ಲಾವರ್ಟಿ ಆಡಿದ ಮಾತಿನಿಂದ. ಉತ್ತರ ಐರ್ಲೆಂಡಿನಲ್ಲಿ ಈ ಎರಡು ಸಮುದಾಯಗಳ ನಡುವೆ ನಡೆಯುತ್ತಿದ್ದ ಗಲಭೆಯನ್ನು ಅವರು ಮನೆಯ ಪಡಸಾಲೆಯಲ್ಲಿ ನಿಂತ ಆನೆಗೆ ಹೋಲಿಸಿದ್ದರು. ಎಲ್ಲರೂ ಅದನ್ನು ಸುತ್ತಿಕೊಂಡು ಓಡಾಡುತ್ತಾರೆ, ಯಾರೂ ಬಾಯಿಬಿಡೋದಿಲ್ಲ.

ಕಾರಣ ಹೇಳದೆ ಬರೀ ಕೊಲೆ ತೋರಿಸಿದರೆ ಏನು ಪ್ರಯೋಜನ?

ಈ ಆಕ್ಷೇಪ ಆಗಲೂ ಬಂತು, ಈಗಲೂ ಬರುತ್ತದೆ. ತಳ್ಳಿಹಾಕುವಂಥದ್ದಲ್ಲ. ಉತ್ತರ ಐರ್ಲೆಂಡಿನ ಕೊಲೆಗಳಿಗೆ ಕಾರಣಗಳಿದ್ದವು, ಇತಿಹಾಸವಿತ್ತು. ಅದನ್ನೆಲ್ಲ ಕಿತ್ತುಹಾಕಿದರೆ ಎರಡೂ ಕಡೆಯವರು ಸುಮ್ನೆ ಹುಚ್ಚರು ಅನ್ನುವ ಹಾಗೆ ಕಾಣುವ ಅಪಾಯ ಇದೆ. ಆದರೆ ಆ ಹೊತ್ತಿಗೆ ಅಲ್ಲಿನ ಜನ ಇಪ್ಪತ್ತು ವರ್ಷದಿಂದ ಪ್ರತಿ ರಾತ್ರಿ ಸುದ್ದಿಯಲ್ಲಿ ಕಾರಣಗಳನ್ನೇ ಕೇಳುತ್ತಿದ್ದರು. ಯಾವ ಗುಂಪು, ಯಾವುದಕ್ಕೆ ಸೇಡು ಅಂತ. ಕಾರಣ ಗೊತ್ತಾದ ಕೂಡಲೇ ಸಾವು ಲೆಕ್ಕದ ಪುಸ್ತಕಕ್ಕೆ ಹೋಗಿಬಿಡುತ್ತಿತ್ತು. ಕ್ಲಾರ್ಕ್ ಆ ಪುಸ್ತಕವನ್ನು ಕಿತ್ತುಕೊಂಡರು. ನನಗೆ ಇದು ಸರಿ ಅನ್ನಿಸುತ್ತದೆ, ಆದರೆ ಎರಡನೇ ಸಲ ನೋಡೋಕೆ ಮನಸ್ಸು ಬರೋದಿಲ್ಲ.

'ದಿ ಫರ್ಮ್' ಫುಟ್‌ಬಾಲ್ ಸಿನಿಮಾನಾ?

ಫುಟ್‌ಬಾಲ್ ನೆಪ ಮಾತ್ರ. 1989ರ ಫೆಬ್ರವರಿಯಲ್ಲಿ ಬಿಬಿಸಿ 2ರಲ್ಲಿ ಬಂತು, ಬರೆದವರು ಆಲ್ ಹಂಟರ್. ಗ್ಯಾರಿ ಓಲ್ಡ್‌ಮನ್ ಇಲ್ಲಿ ಬೆಕ್ಸ್. ಮನೆ ಮಾರಿಸುವ ಏಜೆಂಟ್, ಹೆಂಡತಿ, ಪುಟ್ಟ ಮಗು, ಒಳ್ಳೇ ಮನೆ. ವಾರದ ಕೊನೆಗೆ ಮಾತ್ರ ಗುಂಪು ಕಟ್ಟಿಕೊಂಡು ಇನ್ನೊಂದು ತಂಡದ ಗುಂಪಿನ ಜೊತೆ ಹೊಡೆದಾಟ. ಪುಂಡರು ಅಂದ್ರೆ ಕೆಲಸವಿಲ್ಲದ ಬಡ ಹುಡುಗರು ಅಂತ ಪತ್ರಿಕೆಗಳು ಬರೆಯುತ್ತಿದ್ದ ಕಾಲದಲ್ಲಿ, ಸಂಬಳ ಬರುವ ಗೃಹಸ್ಥನನ್ನು ತಂದು ನಿಲ್ಲಿಸಿದರು. ಹೆಂಡತಿಯಾಗಿ ಲೆಸ್ಲಿ ಮ್ಯಾನ್‌ವಿಲ್. ಅಪ್ಪ ಮನೆಯಲ್ಲಿಟ್ಟ ಚೂಪಾದ ಬ್ಲೇಡಿನ ಚಾಕು ಮಗುವಿನ ಬಾಯಿಗೆ ಹೋಗುವ ದೃಶ್ಯವೊಂದಿದೆ. ಎಲ್ಲ ಹೊಡೆದಾಟಕ್ಕಿಂತ ಅದು ಭಯ ಹುಟ್ಟಿಸುತ್ತದೆ. ಅವರು ಮುಗಿಸಿದ ಕೊನೆಯ ನಾಟಕ ಇದೇ.

ಬರೀ ಹಿಂಸೆಯೇನಾ? ಬೇರೆ ಏನೂ ಮಾಡಿಲ್ವಾ?

ಮಾಡಿದ್ದಾರೆ, ಸಾಕಷ್ಟು. 1974ರ 'ಪೆಂಡಾಸ್ ಫೆನ್' ನೋಡಿ. ಡೇವಿಡ್ ರಡ್ಕಿನ್ ಬರೆದದ್ದು, ಬರ್ಮಿಂಗ್‌ಹ್ಯಾಮ್‌ನ ಪೆಬಲ್ ಮಿಲ್ ಸ್ಟುಡಿಯೋದ ಡೇವಿಡ್ ರೋಸ್ ಮಾಡಿಸಿದ್ದು. ವೂಸ್ಟರ್‌ಶೈರ್ ಹಳ್ಳಿಯ ಪಾದ್ರಿಯ ಮಗ, ಎಲ್ಗಾರ್ ಸಂಗೀತದ ಹುಚ್ಚಿನ ಹುಡುಗ. ಅವನಿಗೆ ದೇವದೂತ, ಪಿಶಾಚಿ, ಕೊನೆಗೆ ಕ್ರೈಸ್ತನಾಗದ ಹಳೇ ದೊರೆ ಪೆಂಡಾ ಕಾಣಿಸಿಕೊಳ್ಳುತ್ತಾರೆ. 'ಸ್ಕಮ್' ಮಾಡಿದವರದ್ದೇ ಅಂತ ನಂಬೋಕೆ ಕಷ್ಟ. 1982ರಲ್ಲಿ ಬ್ರೆಕ್ಟ್‌ನ 'ಬಾಲ್' ಮಾಡಿದರು. ಬಾಲ್ ಆಗಿ ಗಾಯಕ ಡೇವಿಡ್ ಬೋವಿ, ಕೊಳಕು ಹಲ್ಲು, ಕೈಯಲ್ಲಿ ಬ್ಯಾಂಜೋ.

1987ರ 'ರೀಟಾ, ಸೂ ಅಂಡ್ ಬಾಬ್ ಟೂ' ಅವರ ನಗಿಸುವ ಸಿನಿಮಾ. ಬರೆದವರು ಬ್ರಾಡ್‌ಫರ್ಡ್‌ನ ಬಟರ್‌ಶಾ ಬಡಾವಣೆಯ ಆಂಡ್ರಿಯಾ ಡನ್‌ಬಾರ್. ಅಲ್ಲೂ ಇಬ್ಬರು ಹುಡುಗಿಯರು ನಡೆಯುತ್ತಲೇ ಇರುತ್ತಾರೆ. ಈ ಕಾಲದಲ್ಲಿ ನೋಡಿದರೆ ಅದರ ಕಥೆ ಇರುಸುಮುರುಸು ತರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಇಬ್ಬರು ಶಾಲಾ ಹುಡುಗಿಯರು, ಒಬ್ಬ ಮದುವೆಯಾದ ಗಂಡಸು.

ಅವರ ನಾಟಕದಿಂದ ನಿಜವಾಗಿ ಏನಾದರೂ ಬದಲಾಯಿತಾ?

ಒಂದು ಪ್ರಕರಣ ಹೇಳಬಹುದು. 1953ರಲ್ಲಿ ಡೆರೆಕ್ ಬೆಂಟ್ಲಿ ಎಂಬ 19ರ ಹುಡುಗನನ್ನು ಗಲ್ಲಿಗೆ ಹಾಕಿದರು. ಪೊಲೀಸನಿಗೆ ಗುಂಡು ಹೊಡೆದವನು ಅವನ ಜೊತೆಗಿದ್ದ 16ರ ಹುಡುಗ. ಗುಂಡು ಹೊಡೆದ ಆ ಹುಡುಗನಿಗೆ ಗಲ್ಲು ಹಾಕುವ ವಯಸ್ಸಾಗಿರಲಿಲ್ಲ. ಡೇವಿಡ್ ಯಾಲಪ್ ಬರೆದ 'ಟು ಎನ್‌ಕರೇಜ್ ದಿ ಅದರ್ಸ್' ಆ ವಿಚಾರಣೆಯನ್ನು ಮತ್ತೆ ಕೆದಕಿತು, ಕ್ಲಾರ್ಕ್ ಅದನ್ನು 1972ರಲ್ಲಿ ನಿರ್ದೇಶಿಸಿದರು. ಬೆಂಟ್ಲಿಯ ಶಿಕ್ಷೆಯನ್ನು ಕೋರ್ಟ್ ರದ್ದು ಮಾಡಿದ್ದು 1998ರಲ್ಲಿ. ಅದು ಅವನ ಮನೆಯವರ ದಶಕಗಳ ಹೋರಾಟದ ಫಲ, ಟಿವಿಯದಲ್ಲ. ಆದರೆ ಪ್ರಕರಣ ಮರೆತುಹೋಗದ ಹಾಗೆ ನೋಡಿಕೊಂಡದ್ದರಲ್ಲಿ ನಾಟಕದ ಪಾಲೂ ಇದೆ.

ಇಷ್ಟೆಲ್ಲ ಮಾಡಿಯೂ ಕೆನ್ ಲೋಚ್ ಥರ ಹೆಸರು ಯಾಕೆ ಆಗಲಿಲ್ಲ?

ಲೋಚ್, ಮೈಕ್ ಲೀ, ಸ್ಟೀಫನ್ ಫ್ರಿಯರ್ಸ್ ಎಲ್ಲ ಇದೇ ಬಿಬಿಸಿ ಗರಡಿಯ ನಿರ್ದೇಶಕರು, ಆದರೆ ಸಿನಿಮಾಕ್ಕೆ ಹೋದರು. ಕ್ಲಾರ್ಕ್ ಟಿವಿ ಬಿಡಲಿಲ್ಲ. ಟಿವಿ ನಾಟಕ ಆಗ ಬರಹಗಾರರ ರಾಜ್ಯ. ಪೋಸ್ಟರಿಲ್ಲ, ಚಿತ್ರೋತ್ಸವವಿಲ್ಲ. ಒಂದು ರಾತ್ರಿ ತೋರಿಸಿದರೆ ಮುಗಿಯಿತು. ಹಳೇ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದ ಕಾಲ ಬೇರೆ. ಅವರ ಮೊದಮೊದಲ ಕೆಲಸದಲ್ಲಿ ಒಂದಷ್ಟು ಹಾಗೇ ಹೋಗಿಬಿಟ್ಟಿದೆ.

ಸ್ವಭಾವದ ಮಾತೂ ಇದೆ. ಲೋಚ್ ನಿಮ್ಮ ಕೈ ಹಿಡಿದು ಪಾತ್ರದ ಮನೆಯೊಳಗೆ ಕರೆದುಕೊಂಡು ಹೋಗುತ್ತಾರೆ, ನಿಮಗೆ ಅಳು ಬರುತ್ತದೆ, ಯಾರ ಮೇಲೆ ಸಿಟ್ಟಾಗಬೇಕು ಅಂತಲೂ ಗೊತ್ತಾಗುತ್ತದೆ. ಕ್ಲಾರ್ಕ್ ಟ್ರೆವರ್‌ನನ್ನು ಪ್ರೀತಿಸಿ ಅನ್ನೋದಿಲ್ಲ, ದ್ವೇಷಿಸಿ ಅಂತಲೂ ಅನ್ನೋದಿಲ್ಲ. ಇಂಥವರಿಗೆ ಅಭಿಮಾನಿಗಳು ನಿಧಾನವಾಗಿ ಸಿಗುತ್ತಾರೆ, ಅದರಲ್ಲೂ ನಿರ್ದೇಶಕರೇ ಜಾಸ್ತಿ.

ಡೈರಿ ಬರೆದ ರಾಜಕಾರಣಿ ಅಲನ್ ಕ್ಲಾರ್ಕ್ ಇವರೇನಾ?

ಅಲ್ಲ. ಅವರು ಥ್ಯಾಚರ್ ಸರ್ಕಾರದಲ್ಲಿದ್ದ ಕನ್ಸರ್ವೇಟಿವ್ ಮಂತ್ರಿ. ಹುಡುಕುವಾಗ ಜೊತೆಗೆ 'ನಿರ್ದೇಶಕ' ಅಂತ ಸೇರಿಸಿ.

ಎಲ್ಲಿಂದ ನೋಡಲು ಶುರು ಮಾಡಲಿ?

'ಮೇಡ್ ಇನ್ ಬ್ರಿಟನ್'. ಚಿಕ್ಕದು, ರಭಸ ಇದೆ, ರಾತ್ ಅವರನ್ನು ನೋಡೋಕಾದರೂ ಕೂರುತ್ತೀರಿ. ಆಮೇಲೆ 'ರೋಡ್', ಆಮೇಲೆ ಟಿವಿಯ 'ಸ್ಕಮ್'. 'ಎಲಿಫೆಂಟ್' ಮೊದಲೇ ಹಾಕಿಕೊಳ್ಳಬೇಡಿ. ಮಕ್ಕಳು ಮನೆಯಲ್ಲಿದ್ದಾಗ ಯಾವುದನ್ನೂ ಹಾಕಬೇಡಿ. 'ಸ್ಕಮ್'ನಲ್ಲಿ ಅತ್ಯಾಚಾರ ಮತ್ತು ಆತ್ಮಹತ್ಯೆಯ ದೃಶ್ಯಗಳಿವೆ.

ಬಿಬಿಸಿಗೆ 1969ರಿಂದ 1989ರವರೆಗೆ ಮಾಡಿದ್ದರಲ್ಲಿ ಉಳಿದಿರುವುದನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2016ರಲ್ಲಿ ಡಿಸ್ಕ್‌ಗಳಲ್ಲಿ ತಂದಿದೆ. 'ದಿ ಫರ್ಮ್'ನಿಂದ ಬಿಬಿಸಿ ಕತ್ತರಿಸಿದ್ದ ಭಾಗಗಳೂ ಅದರಲ್ಲಿವೆ. 'ಮೇಡ್ ಇನ್ ಬ್ರಿಟನ್' ಐಟಿವಿಯದು, ಬೇರೆ ಹುಡುಕಬೇಕು. ಉತ್ತರ ಇಂಗ್ಲೆಂಡಿನ ಉಚ್ಚಾರ ನಮ್ಮ ಕಿವಿಗೆ ಬೇಗ ಒಗ್ಗೋದಿಲ್ಲ. ಇಂಗ್ಲಿಷ್ ಚೆನ್ನಾಗಿ ಬರುವವರೂ ಸಬ್‌ಟೈಟಲ್ ಹಾಕಿಕೊಂಡೇ ಕೂರುವುದು ಒಳ್ಳೇದು.